ನೀರು ಸಾಕುವವರು

ಸಾಕುಪ್ರಾಣಿ ಎಂದ ಮೇಲೆ ಕರೆದರೆ ಬರಬೇಕು, ಬೈದರೆ ಹೋಗಬೇಕು. ಅಂಕೋಲೆಯ ಕಡೆ ನಾಯಿ ಎರಡನ್ನೂ ಪಾಲಿಸುತ್ತದೆ. ಬೆಕ್ಕು ಕರೆಯದೆಯೇ ಬರುತ್ತದೆ, ಅದೂ ಹಿತ್ತಲಲ್ಲಿ ಬಾಂಗಡೆ ಕೊಯ್ಯುವ ಹೊತ್ತಿಗೆ ಸರಿಯಾಗಿ. ಬೈದರೆ ಮಾತ್ರ ಹೋಗುವುದಿಲ್ಲ. ಕೋಳಿಗೆ ಕರೆದದ್ದೂ ಬೈದದ್ದೂ ಒಂದೇ, ಆದರೆ ಅದನ್ನು ಸಾಕುವ ಉದ್ದೇಶವೇ ಬೇರೆಯಾದ್ದರಿಂದ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಈ ಲೆಕ್ಕಕ್ಕೆ ಸೇರದೆಯೂ ಎಷ್ಟೋ ಮನೆಗಳಲ್ಲಿ ನಾಯಿ ಬೆಕ್ಕುಗಳ ನಾಲ್ಕಾರು ತಲೆಮಾರು ದಾಟಿ ಬದುಕಿದ ಇನ್ನೊಂದು ಜೀವವಿತ್ತು: ಬಾವಿಯ ಆಮೆ.

ನಮ್ಮ ಬಾವಿಯಲ್ಲೂ ಒಂದಿತ್ತು ಎಂಬುದು ಅಜ್ಜಿಯ ಹೇಳಿಕೆ. ಯಾರು ಬಿಟ್ಟರು, ಯಾವಾಗ ಬಿಟ್ಟರು ಎಂದು ಕೇಳಿದರೆ ಉತ್ತರವಿರಲಿಲ್ಲ. ನಾವು ಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿ ನೋಡಿದಾಗೆಲ್ಲ ಕಾಣುತ್ತಿದ್ದದ್ದು ನಮ್ಮದೇ ತಲೆಗಳು ಮತ್ತು ಒಂದು ತುಂಡು ಆಕಾಶ. ಎಲ್ಲೋ ಒಮ್ಮೊಮ್ಮೆ ನೀರಿನ ಮೇಲೆ ಕಡ್ಡಿಯ ತುದಿಯಂಥದ್ದು ಮೂಡಿ ಮರೆಯಾಗುತ್ತಿತ್ತು. ಅದು ಮೂಗು ಎಂದು ಅಜ್ಜಿ, ಅದು ಕಡ್ಡಿಯೇ ಎಂದು ಅಣ್ಣ. "ನೀರು ತಿಳಿ ಅದೆಯಲ್ಲ? ಅಂದ್ರೆ ಆಮೆ ಅದೆ ಅಂತೇ ಲೆಕ್ಕ" ಎಂದು ಅಜ್ಜಿ ವಾದ ಮುಗಿಸುತ್ತಿದ್ದಳು. ಇದೇ ತರ್ಕದಿಂದ ಅವಳು ದೇವರನ್ನೂ ಸಾಧಿಸಿದ್ದಳಾದ್ದರಿಂದ ನಾವು ಮುಂದುವರಿಸುತ್ತಿರಲಿಲ್ಲ.

ಹೀಗೆ ಬಾವಿ ಸೇರುತ್ತಿದ್ದದ್ದು ಗದ್ದೆ, ಕೆರೆಗಳಲ್ಲಿ ಸಿಗುವ ಆಮೆಗಳು. ಅವುಗಳಲ್ಲಿ ಮೆತ್ತನೆ ಚಿಪ್ಪಿನದೊಂದು ಜಾತಿಯಿದೆ. ಫ್ಲಾಪ್‌ಶೆಲ್ ಎಂದು ಪುಸ್ತಕಗಳಲ್ಲಿ ಬರುವುದು ಅದೇ. ಹೊಟ್ಟೆಯಡಿ ಹಿಂಗಾಲಿನ ಹತ್ತಿರ ಅದಕ್ಕೆ ಎರಡು ಚರ್ಮದ ಮುಚ್ಚಳಗಳಿವೆ. ಕಾಲು ಒಳಗೆಳೆದುಕೊಂಡು ಮುಚ್ಚಿಬಿಟ್ಟರೆ ಮನೆಯ ಬಾಗಿಲು ಹಾಕಿದಂತೆ. ನೀರಿನಲ್ಲೇ ಇರುವ ಪ್ರಾಣಿ, ತಳದ ಕೆಸರಿನಲ್ಲಿ ಹೂತುಕೊಂಡು ಉದ್ದ ಮೂಗನ್ನಷ್ಟೇ ಆಗಾಗ ಮೇಲಕ್ಕೆ ಚಾಚುತ್ತದೆ. ಹುಳ, ಗೊದಮೊಟ್ಟೆ, ಸತ್ತ ಮೀನು, ಪಾಚಿ ಎಲ್ಲ ತಿನ್ನುತ್ತದೆ. ಬಾವಿಗೆ ಬಿದ್ದ ಕಪ್ಪೆ ಕೊಳೆಯುವ ಮೊದಲೇ ಇದರ ಹೊಟ್ಟೆ ಸೇರುವುದರಿಂದ ನೀರು ಶುದ್ಧವಾಗುತ್ತದೆಂಬ ನಂಬಿಕೆ ಹುಟ್ಟಿರಬೇಕು. ತಿಂದದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಹಿರಿಯರು ಎತ್ತಿದಂತಿಲ್ಲ.

ಆ ಆಮೆಯ ಕಡೆಯಿಂದ ನೋಡಿದರೆ ಚಿರೇಕಲ್ಲಿನ ಬಾವಿ ಜೀವಾವಧಿ ಶಿಕ್ಷೆ. ಗದ್ದೆ ಬತ್ತಿದಾಗ ಅದು ಮಣ್ಣಿನೊಳಗೆ ಸೇರಿ ತಿಂಗಳುಗಟ್ಟಲೆ ನಿದ್ದೆ ಮಾಡಬಲ್ಲದು, ಮಳೆ ಬಿದ್ದರೆ ಎದ್ದು ಇನ್ನೊಂದು ಕೆರೆಗೆ ನಡೆಯಬಲ್ಲದು. ಬಾವಿಯಲ್ಲಿ ಎರಡಕ್ಕೂ ದಾರಿಯಿಲ್ಲ. ಹೆಣ್ಣಾಗಿದ್ದರೆ ಮೊಟ್ಟೆಯಿಡಲು ಒಂದು ಹಿಡಿ ಒಣಮಣ್ಣೂ ಇಲ್ಲ. ಎಷ್ಟೇ ನೀರಿನ ಆಮೆಯಾದರೂ ಉಸಿರು ಮೇಲಿನ ಗಾಳಿಯದ್ದು, ಮೊಟ್ಟೆ ನೆಲದ್ದು. ನೀರಿನಲ್ಲೇ ಮೊಟ್ಟೆಯಿಟ್ಟು ಮರಿ ಮಾಡುವ ಆಮೆ ಜಗತ್ತಿನಲ್ಲಿ ಇಲ್ಲವೆಂದೇ ಹೇಳಬಹುದು. ಆಸ್ಟ್ರೇಲಿಯಾದ ಉದ್ದ ಕತ್ತಿನ ಆಮೆಯೊಂದು ಮುಳುಗಿದ ನೆಲದಲ್ಲಿ ಮೊಟ್ಟೆಯಿಡುತ್ತದಾದರೂ ಆ ನೆಲ ಒಣಗುವವರೆಗೆ ಒಳಗಿನ ಭ್ರೂಣ ಬೆಳೆಯುವುದಿಲ್ಲ. ಈಗಂತೂ ಫ್ಲಾಪ್‌ಶೆಲ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹುಲಿಯಿರುವ ಪಟ್ಟಿಯಲ್ಲೇ. ಹಿಡಿದು ಬಾವಿಗೆ ಬಿಟ್ಟರೆ ಶಿಕ್ಷೆ ಬಿಟ್ಟವರಿಗೂ ಉಂಟು.

ಬಾವಿಗಳಿಗೆ ಬಲೆ ಬಂತು, ಪಂಪು ಬಂತು, ಆಮೆ ಮನೆಯೊಳಗೆ ಬಂತು. ಕಾರವಾರದಲ್ಲಿ ನಮ್ಮ ಹಿಂದಿನ ಮನೆಯ ಮಾಸ್ತರರ ಮಗ ಬೆಂಗಳೂರಿನಲ್ಲಿ ಓದುವಾಗ ಅಂಗಡಿಯೊಂದರಿಂದ ಆಮೆಮರಿ ತಂದ. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ, ಗಾತ್ರ ಹಳೆಯ ರೂಪಾಯಿ ನಾಣ್ಯದಷ್ಟು. "ಇದು ಇಷ್ಟೇ ಇರ್ತದೆ" ಎಂದು ಅಂಗಡಿಯವನು ಹೇಳಿದ್ದನಂತೆ. ಉತ್ತರ ದಿಕ್ಕಿನಲ್ಲಿಟ್ಟರೆ ದುಡ್ಡು ನಿಲ್ಲುತ್ತದೆ ಎಂಬ ವಾಸ್ತುವನ್ನೂ ಸೇರಿಸಿಯೇ ಮಾರಿದ್ದ. ಅದು ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಮೂಲದ ರೆಡ್ ಇಯರ್ಡ್ ಸ್ಲೈಡರ್. ಊಟದ ತಟ್ಟೆಯಗಲ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷವೂ ಬದುಕುತ್ತದೆ. ಮಗನಿಗೆ ಕೆಲಸ ಸಿಕ್ಕಿತು, ಬಾಡಿಗೆ ಮನೆಯ ಮಾಲಕರು ಪ್ರಾಣಿ ಬೇಡವೆಂದರು, ಆಮೆ ಕಾರವಾರದ ಬಸ್ಸು ಹತ್ತಿತು.

ಮಾಸ್ತರರು ನಿವೃತ್ತ ಕನ್ನಡ ಪಂಡಿತರು. ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಮೂರು ದಶಕ ಷಟ್ಪದಿಗೆ ಪ್ರಸ್ತಾರ ಹಾಕಿಸಿದ ಬಾಯಲ್ಲಿ ಈಗ ಅಮೋನಿಯಾ, ನೈಟ್ರೈಟ್, ನೈಟ್ರೇಟ್. ಆಮೆ ಉಂಡು ವಿಸರ್ಜಿಸಿದ್ದರಿಂದ ಹುಟ್ಟುವ ಅಮೋನಿಯಾ ವಿಷ; ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ; ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾಗಳ ವಾಸ ಫಿಲ್ಟರಿನ ಸ್ಪಂಜಿನಲ್ಲಿ. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಲ್ಲಿ ತಿಕ್ಕಿ ತೊಳೆದರೆ ಅವು ಸಾಯುತ್ತವೆ, ತೊಳೆಯದಿದ್ದರೆ ಸ್ಪಂಜು ಕಟ್ಟಿಕೊಳ್ಳುತ್ತದೆ. ಹಾಗಾಗಿ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಬೇಕು. ನಲ್ಲಿ ಬಿಟ್ಟು ಬಾವಿಯ ನೀರೇ ತುಂಬೋಣವೆಂದರೆ ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅದು ಸ್ವಲ್ಪ ಆಮ್ಲೀಯ, ಬೇಸಗೆಯಲ್ಲಿ ಕಡಲ ಬದಿಯಲ್ಲಿ ಉಪ್ಪು ಬೇರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಮಾಸ್ತರರು ಛತ್ರಿ ಹಿಡಿದು ಅಂಗಳದಲ್ಲಿ ನಿಂತು ಕಂಬ ನೋಡುತ್ತಾರೆ. "ಮಗ ತಂದದ್ದು ಆಮೆ. ನಾನು ಸಾಕ್ತಾ ಇರೂದು ನೀರು" ಎಂದು ಒಂದು ದಿನ ಬೇಲಿಯಾಚೆಯಿಂದ ಹೇಳಿದರು. ಈ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ.

ಅವರ ಸ್ಲೈಡರಾದರೂ ಅರೆ ನೆಲವಾಸಿ. ದಿನಕ್ಕಿಷ್ಟು ಹೊತ್ತು ಕಲ್ಲು ಹತ್ತಿ ಬಿಸಿಲು ಕಾಯಿಸಿಕೊಂಡು, ಮೈಯೆಲ್ಲ ಚಾಚಿ, ಕೊನೆಯ ಪಕ್ಷ ತಾನು ಇದ್ದೇನೆಂದು ತೋರಿಸುತ್ತದೆ. ಮಗನ ಆಸೆ ಈಗ ಅದನ್ನೂ ದಾಟಿದೆ. ಪೂರ್ತಿ ನೀರಿನಲ್ಲೇ ಇರುವ, ಯಾರ ಮನೆಯಲ್ಲೂ ಇಲ್ಲದ ಆಮೆ ಬೇಕಂತೆ. ಫೋನಿನಲ್ಲಿ ಚಿತ್ರ ಕಳಿಸುತ್ತಾನೆ. ಮಾಸ್ತರರು ಅದನ್ನು ನನಗೆ ತೋರಿಸುತ್ತಾರೆ. ಒಂದು ದಕ್ಷಿಣ ಅಮೆರಿಕದ ಮಾಟಾಮಾಟಾ: ತಲೆ ಥೇಟು ಕೊಳೆತ ಎಲೆ, ಕದಲದೆ ಕೂತು, ಮೀನು ಹತ್ತಿರ ಬಂದಾಗ ಫಕ್ಕನೆ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಇನ್ನೊಂದು ನ್ಯೂಗಿನಿ ಮತ್ತು ಉತ್ತರ ಆಸ್ಟ್ರೇಲಿಯಾದ ಹಂದಿಮೂಗಿನ ಆಮೆ: ಸಿಹಿನೀರಿನದ್ದಾದರೂ ಕಾಲುಗಳು ಕಡಲಾಮೆಯ ಹಾಗೆ ಹುಟ್ಟುಗಳಾಗಿವೆ. ಚಂದವೇನೋ ಹೌದು. ಆದರೆ ಅಂಗೈಯಲ್ಲಿ ಹಿಡಿಸುವ ಆ ಮರಿ ಬೆಳೆದು ಅರ್ಧ ಮೀಟರು ದಾಟುತ್ತದೆ. "ಅದಕ್ಕೆ ನಮ್ಮ ಪಡಸಾಲೆ ಖಾಲಿ ಮಾಡಿ ಕಟ್ಟೆ ಕಟ್ಟಬೇಕು, ನಾವು ತೊಟ್ಟಿಯ ಬದಿಗೆ ಮಲಗಬೇಕು" ಎಂದು ಮಾಸ್ತರರ ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟರು.

ಕಾಯ್ದೆಯೂ ಈಗ ಅವರ ಪಕ್ಷಕ್ಕಿದೆ. ಹಂದಿಮೂಗಿನ ಆಮೆ 2005ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿಗಳನ್ನು 2022ರ ತಿದ್ದುಪಡಿ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ತಂದಿತು. 2024ರ ನಿಯಮಗಳ ಪ್ರಕಾರ ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು, ಮರಿಯಾದರೂ ಸತ್ತರೂ ತಿಳಿಸಬೇಕು. ಆದರೂ ಆಸೆಗೆ ಅಡ್ಡದಾರಿಗಳಿವೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 234 ಜೀವಿಗಳು ಸಿಕ್ಕವು. ಹೆಬ್ಬಾವು, ಗೋಸುಂಬೆ, ಮೊಸಳೆಮರಿಗಳ ಜೊತೆ ಆಮೆಗಳೂ ಇದ್ದವು. ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೂ ಒಂದಿತ್ತು.

ಬೇಸರ ಬಂದ ಮೇಲಿನ ಕತೆ ಇನ್ನೊಂದು. ಹೊಳೆಗೋ ಕೆರೆಗೋ ಬಿಟ್ಟರೆ ಪುಣ್ಯ ಎಂದು ಜನ ತಿಳಿದಿದ್ದಾರೆ. ಸ್ಲೈಡರ್ ಹಾಗೆ ಬಿಟ್ಟಲ್ಲೆಲ್ಲ ಸ್ಥಳೀಯ ಆಮೆಗಳ ಜಾಗ, ಮೇವು ಕಸಿದು ನೆಲೆಯೂರಿ, ಜಗತ್ತಿನ ನೂರು ಕೇಡಿನ ಆಕ್ರಮಣಕಾರಿ ಜೀವಿಗಳ ಪಟ್ಟಿ ಸೇರಿದೆ. ಕೇರಳದಲ್ಲಿ ಅರಣ್ಯ ಸಂಶೋಧನಾ ಸಂಸ್ಥೆಯವರು, ಮನೆಯಲ್ಲಿದ್ದರೆ ನಮಗೆ ತಂದುಕೊಡಿ, ನೀರಿಗೆ ಬಿಡಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಮಾಸ್ತರರಿಗೆ ಇದು ಗೊತ್ತು. ಕಾಳಿ ಹೊಳೆ ಕೂಗಳತೆಯಲ್ಲಿದ್ದರೂ ಅವರು ಅತ್ತ ನೋಡುವುದಿಲ್ಲ. ಅವರ ಚಿಂತೆ ಬೇರೆ: "ಮನೆ ಹಿರಿಯವಗೆ, ತೋಟ ಕಿರಿಯವಗೆ ಅಂತ ಬರೆದಿಡ್ಬಹುದು. ಆಮೆ ಯಾರಿಗೆ ಬರೀಲಿ?"

ಅಪರೂಪದ ನೀರಾಮೆಯೇ ಬೇಕಿದ್ದರೆ ನ್ಯೂಗಿನಿಗೆ ಹೋಗುವ ಅಗತ್ಯವಿರಲಿಲ್ಲ. ಇದೇ ಕರಾವಳಿಯಲ್ಲಿ ದಕ್ಷಿಣಕ್ಕಿಳಿದರೆ ಕಾಸರಗೋಡಿನ ಚಂದ್ರಗಿರಿ ಹೊಳೆಯಿದೆ. ನಮ್ಮವರು ಮೇಲಕ್ಕೆ ಪಯಸ್ವಿನಿ ಎನ್ನುವುದು ಅದನ್ನೇ. ಅಲ್ಲಿ ಕ್ಯಾಂಟರ್ ಹೆಸರಿನ ದೈತ್ಯ ಮೃದುಚಿಪ್ಪಿನ ಆಮೆಯಿದೆ, ಒಂದು ಮೀಟರಿಗೆ ಹತ್ತಿರ ಬೆಳೆಯುವಂಥದ್ದು. ದಿನದ ಬಹುಪಾಲು ಮರಳಲ್ಲಿ ಹೂತು, ಕಣ್ಣು ಮೂಗು ಮಾತ್ರ ಹೊರಗಿಟ್ಟುಕೊಂಡಿರುವುದರಿಂದ ವಿಜ್ಞಾನಿಗಳಿಗೆ ಅದು ಸಿಗುತ್ತಲೇ ಇರಲಿಲ್ಲ. ಆಯುಷಿ ಜೈನ್ ಎಂಬ ಸಂಶೋಧಕಿ ಯಂತ್ರಗಳಿಗಿಂತ ಹೊಳೆ ದಡದ ಜನರ ಕಣ್ಣನ್ನು ನಂಬಿದರು. ಎಲ್ಲಿ ಕಂಡಿತು, ಯಾರ ಬಲೆಗೆ ಬಿತ್ತು ಎಂದು ಊರವರೇ ತಿಳಿಸತೊಡಗಿದರು. ನೀರೇರಿ ಮುಳುಗಲಿದ್ದ ಮೊಟ್ಟೆಗಳನ್ನೂ ಉಳಿಸಿದರು. ಆ ಅಧ್ಯಯನ 2024ರಲ್ಲಿ ‘ಓರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಂದ್ರಗಿರಿಯ ಜನರಿಗೆ ಆ ಆಮೆ ದಿನಾ ಕಾಣುವುದಿಲ್ಲ, ಕರೆದರೆ ಬರುವುದಿಲ್ಲ. ಅಜ್ಜಿಯ ಹಾಗೆ, ಅದೆ ಎಂಬ ಲೆಕ್ಕವಷ್ಟೇ ಅವರಿಗೂ ಸಾಕಾಗಿದೆ. ವ್ಯತ್ಯಾಸವೆಂದರೆ ಅವರ ಆಮೆಗೆ ಇಡೀ ಹೊಳೆ ಉಂಟು.

ನಮ್ಮಲ್ಲಿ ಆ ಲೆಕ್ಕ ಕಡಲ ಜೊತೆ ನಡೆಯುತ್ತದೆ. ಚಳಿಗಾಲ ಶುರುವಾದ ಮೇಲೆ ದೇವಬಾಗ, ಮಾಜಾಳಿ, ಅಂಕೋಲೆ ತಾಲೂಕಿನ ಹಾರವಾಡದ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಹತ್ತಿ ಬರುತ್ತವೆ. ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಎದೆಯಿಂದ ತಟ್ಟಿ ಗಟ್ಟಿ ಮಾಡಿ ಹಿಂತಿರುಗುತ್ತವೆ. ಗಂಡುಗಳಿಗೆ ಈ ತಾಪತ್ರಯವಿಲ್ಲ. ಮರಿಯಾಗಿ ನೀರಿಗಿಳಿದ ಮೇಲೆ ಅವು ನೆಲಕ್ಕೆ ಬರುವುದು ತೀರ ಅಪರೂಪ. ಹಿಂದೆ ಈ ಮೊಟ್ಟೆಗಳು ನಾಯಿ ನರಿಗಳ ಪಾಲು, ಒಂದಿಷ್ಟು ಮನುಷ್ಯರ ಪಾಲು. ಈಗ ಬೆಳಗಿನ ಜಾವ ಮರಳಲ್ಲಿ ಆಮೆ ಹರಿದ ಗೆರೆ ಕಂಡ ಮೀನುಗಾರರು ಅರಣ್ಯ ಇಲಾಖೆಗೆ ಹೇಳುತ್ತಾರೆ, ಸುತ್ತ ಬಲೆಯ ಬೇಲಿ ಏಳುತ್ತದೆ. 45ರಿಂದ 60 ದಿನ ಕಾಯುವುದು. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಶಾಖ ತೀರ್ಮಾನಿಸುತ್ತದೆ: ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು.

ಮರಿ ಬಿಡುವ ದಿನ ಹಾರವಾಡಕ್ಕೆ ಮಾಸ್ತರರನ್ನೂ ಕರೆದುಕೊಂಡು ಹೋದೆ. ಬೇಲಿಯ ಬದಿಯಲ್ಲಿ ಒಬ್ಬ ಹುಡುಗ, ಒಂದೇ ಒಂದು ಮರಿ ಮನೆಗೆ ಒಯ್ಯಲೇ ಎಂದು ಹಟ ಹಿಡಿದಿದ್ದ. ಅಲ್ಲಿದ್ದ ಮುದುಕ ಮೀನುಗಾರರು ಕಾನೂನು ಹೇಳಲಿಲ್ಲ. "ಅದಕ್ಕೆ ನಿನ್ನ ಟಾಕಿ ಸಾಲೂದಿಲ್ಲ ತಮಾ, ಅದಕ್ಕೆ ನಮ್ಮ ಸಮುದ್ರವೇ ಸಾಲೂದಿಲ್ಲ" ಎಂದರು. ಅಕ್ಷರಶಃ ನಿಜ. ಒಡಿಶಾದಲ್ಲಿ 2021ರಲ್ಲಿ 03233 ಎಂಬ ಸಂಖ್ಯೆಯ ಪಟ್ಟಿ ಹಾಕಿದ್ದ ರಿಡ್ಲೆಯೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆಯಿಡುತ್ತ ಸಿಕ್ಕಿತು. ಸುಮಾರು 3,500 ಕಿಲೋಮೀಟರು ಈಜಿತ್ತೆಂದು ಅಂದಾಜು. ದೇಶದ ಮೂಗು ಸುತ್ತಿ ಬರುವಾಗ ಅದು ಕಾರವಾರದ ಎದುರಿಗೇ ಹಾದುಹೋಗಿರಬೇಕು.

ಮರಿಗಳು ಒಂದೊಂದಾಗಿ ನೊರೆಗೆ ಸೇರಿದವು. ಸಾವಿರಕ್ಕೆ ಒಂದು ದೊಡ್ಡದಾದರೆ ಹೆಚ್ಚು ಎನ್ನುತ್ತಾರೆ. ಇವುಗಳ ತಾಯಿ ಎಲ್ಲಿ ಎಂದು ಮಾಸ್ತರರು ಕೇಳಿದರು. ಮೊಟ್ಟೆಯಿಟ್ಟ ರಾತ್ರಿಯೇ ಹೋದಳು, ತಿರುಗಿ ನೋಡುವ ಪದ್ಧತಿ ಅವರಲ್ಲಿಲ್ಲ ಎಂದೆ. ಮಾಸ್ತರರು ಸ್ವಲ್ಪ ಹೊತ್ತು ವಿಚಾರ ಮಾಡಿ ಮೆಚ್ಚಿಗೆಯಿಂದ ತಲೆದೂಗಿದರು.

"ಪದ್ಧತಿ ಅಂದ್ರೆ ಇದು ನೋಡಿ. ಇವಳ ಮಕ್ಕಳು ಯಾರೂ ಬೆಂಗಳೂರಿಂದ ಫೋನ್ ಮಾಡಿ, ಫಿಲ್ಟರ್ ತೊಳೆದ್ಯಾ ಅಂತ ಕೇಳೂದಿಲ್ಲ."