ಗಾಳಿ ಕುಡಿದ ಡೀಸೆಲ್

ಡೀಸೆಲ್ ನೊರೆ ಕಟ್ಟುತ್ತದೆ. ಬೆಳಗಿನ ಐದು ಗಂಟೆಗೆ ಉಮರೇಡಿನ ಪೆಟ್ರೋಲ್ ಬಂಕಿನಲ್ಲಿ ಪೈಪು ಟಕ್ಕೆಂದು ತಾನಾಗಿ ನಿಂತಾಗ ಟ್ಯಾಂಕಿನ ಕತ್ತಿನಲ್ಲಿ ಕಾಣುವುದು ಎಣ್ಣೆಯಲ್ಲ, ಆಗಷ್ಟೇ ಕರೆದ ಹಾಲಿನ ಮೇಲಿರುವಂಥ ನೊರೆ. ಬಂಕಿನ ಹುಡುಗ ಪೈಪು ತೆಗೆಯಲು ಬರುತ್ತಾನೆ, ನಾನು ಕೈಯೆತ್ತಿ ತಡೆಯುತ್ತೇನೆ. ಎರಡು ನಿಮಿಷ ಇಬ್ಬರೂ ಸುಮ್ಮನೆ ನಿಲ್ಲುತ್ತೇವೆ. ಗುಳ್ಳೆಗಳು ಒಂದೊಂದಾಗಿ ಒಡೆದು ನೊರೆ ಕೆಳಗಿಳಿಯುತ್ತದೆ. ಆಮೇಲೆ ಸಣ್ಣಗೆ ಬಿಟ್ಟರೆ ಇನ್ನೂ ಅರ್ಧ ಲೀಟರು, ಕೆಲವು ಸಲ ಮುಕ್ಕಾಲು ಲೀಟರು ಹಿಡಿಯುತ್ತದೆ. ಆ ಅರ್ಧ ಲೀಟರನ್ನು ಬಿಟ್ಟು ಲೆಕ್ಕ ಹಾಕಿದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ತುಂಬಿದ ಟ್ಯಾಂಕಿನಿಂದ ತುಂಬಿದ ಟ್ಯಾಂಕಿಗೆ, ಅದೇ ಮಟ್ಟಕ್ಕೆ: ಲೀಟರಿಗೆ ಎಷ್ಟು ಕಿಲೋಮೀಟರು ಎಂದು ತಿಳಿಯಲು ನನಗೆ ನಂಬಿಕೆಯಿರುವ ದಾರಿ ಇದೊಂದೇ.

"ಕಾಕಾ, ಟ್ರಾಲಿ ಕಟ್ಟಿಕೊಂಡ ಮೇಲೆ ಅವರೇಜ್ ಎಷ್ಟು ಕೊಡುತ್ತೆ?" ಹುಡುಗ ಮರಾಠಿಯಲ್ಲಿ ಕೇಳುತ್ತಾನೆ. ನಮ್ಮ ಕೋಲಾರದ ಕಡೆ ಮೈಲೇಜ್ ಅನ್ನುವುದಕ್ಕೆ ಈ ವಿದರ್ಭದಲ್ಲಿ ಅವರೇಜ್ ಅನ್ನುತ್ತಾರೆ. ನನಗೆ ಇಲ್ಲಿನ ಮಾತೇ ಹೆಚ್ಚು ಹಿಡಿಸಿದೆ. ಏರು, ಇಳಿತ, ಎದುರುಗಾಳಿ, ಟೋಲಿನ ಸಾಲು, ದನ ಅಡ್ಡ ಬಂದು ಹಾಕಿದ ಬ್ರೇಕು, ಎಲ್ಲವನ್ನೂ ಕೂಡಿಸಿ ಭಾಗಿಸಿದ ಸರಾಸರಿ ಅದು. ಒಂದಿಡೀ ಪ್ರಯಾಣವೇ ಆ ಒಂದು ಅಂಕೆಯೊಳಗೆ ಕೂತಿರುತ್ತದೆ.

ಅವನು ಟ್ರಾಲಿ ಅಂದದ್ದು ನಮ್ಮ ಗಾಲಿಯ ಮನೆಯನ್ನು. ಬೊಲೆರೊ ಕ್ಯಾಂಪರ್ ಪಿಕಪ್ಪಿನ ಹಿಂದೆ ಕೊಂಡಿಯಲ್ಲಿ ಸಿಕ್ಕಿಸಿ ಎಳೆಯುವ ಎರಡು ಚಕ್ರದ ಪುಟ್ಟ ಟ್ರೇಲರ್ ಅದು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಒಲೆ, ನೀರಿನ ಡ್ರಮ್ಮು, ಮಡಚುವ ಮೇಜು. ನಾಗಪುರದಲ್ಲಿ ಟ್ರೇಲರ್ ಕಟ್ಟುವವರ ಕೈಯಲ್ಲಿ ಕಟ್ಟಿಸಿ ಆರ್‌ಟಿಒದಲ್ಲಿ ನೋಂದಣಿ ಮಾಡಿಸಿದ್ದು. ಕಾನೂನಿನ ಪ್ರಕಾರ ಟ್ರೇಲರಿಗೆ ಬೇರೆಯೇ ನಂಬರ್ ಇರುತ್ತದೆ, ಅದು ಅದರ ಪಕ್ಕೆಯ ಮೇಲೆ ಕಾಣಬೇಕು. ಜೊತೆಗೆ ಎಳೆಯುವ ಗಾಡಿಯ ನಂಬರನ್ನೂ ಟ್ರೇಲರಿನ ಮೇಲೆ ತೋರಿಸಬೇಕು. ಹಾಗಾಗಿ ನಮ್ಮ ಮನೆಯ ಮೇಲೆ ಎರಡೆರಡು ಎಂಎಚ್ 40. ಲಾರಿ ತೂಗುವ ಧರ್ಮಕಾಂಟಾದಲ್ಲಿ ತೂಗಿಸಿದಾಗ ಸಾಮಾನು ಸಮೇತ 800 ಕಿಲೋ ಬಂತು. ಪಿಕಪ್ಪು ಮತ್ತು ಗಂಡಹೆಂಡಿರು ನಾವಿಬ್ಬರೂ ಸೇರಿದರೆ ಒಟ್ಟು 2,600.

ತೂಕ ಅನ್ನುವುದು ನನ್ನ ಹೊಟ್ಟೆಪಾಡಿನ ಮಾತಾಗಿತ್ತು. ಅಪ್ಪ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ನೆಲದೊಳಗೆ ದುಡಿದವರು. ನಾನು ಉಮರೇಡಿನ ಕಲ್ಲಿದ್ದಲ ಬಯಲು ಗಣಿಗೆ ಬಂದು, ಡಂಪರುಗಳ ವರ್ಕ್‌ಶಾಪಿನಲ್ಲಿ ಸರ್ವಿಸು ಮುಗಿಸಿದೆ. ಬಿಇಎಂಎಲ್‌ನ ಡಂಪರುಗಳು ತಯಾರಾಗುವುದು ಮೈಸೂರಿನಲ್ಲಿ. ಮಹಾರಾಷ್ಟ್ರದ ಕಲ್ಲಿದ್ದಲ ಧೂಳಿನಲ್ಲಿ ಮುಳುಗಿದ್ದ ಆ ಯಂತ್ರಗಳ ಹೊಟ್ಟೆಯಡಿ ಮಲಗಿದಾಗ ನಮ್ಮೂರಿನವರ ಪಕ್ಕದಲ್ಲಿದ್ದಂತೆ ಅನ್ನಿಸುತ್ತಿತ್ತು. ಡಂಪರಿನ ಬಾಳು ವಿಚಿತ್ರ. ಇಳಿಯುವಾಗ ಖಾಲಿ, ಏರುವಾಗ ಭರ್ತಿ. 16 ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೇರುವ ರಸ್ತೆಯಲ್ಲಿ ಹತ್ತಾರು ಟನ್ನು ಹೊತ್ತು, ಮನುಷ್ಯ ಓಡುವಷ್ಟು ವೇಗದಲ್ಲಿ ಗೋಗರೆಯುತ್ತಾ ಹತ್ತುತ್ತದೆ. ಅಲ್ಲಿ ಡೀಸೆಲ್ ಎಲ್ಲಿಗೆ ಹೋಯಿತೆಂದು ಯಾರೂ ಕೇಳಬೇಕಾಗಿಲ್ಲ. ತೂಕಕ್ಕೆ ಹೋಯಿತು, ಏರಿಗೆ ಹೋಯಿತು. ಮೂವತ್ತಕ್ಕೂ ಮಿಕ್ಕಿ ವರ್ಷ ಅದನ್ನೇ ನಂಬಿದ್ದೆ.

ಆ ನಂಬಿಕೆಯನ್ನು ಹೊತ್ತುಕೊಂಡೇ ಮೊದಲ ಸಲ ಟ್ರೇಲರ್ ಎಳೆದುಕೊಂಡು ಊರಿಗೆ ಹೊರಟಿದ್ದು, ಒಂದು ಆಷಾಢದಲ್ಲಿ. ಉಮರೇಡಿನಿಂದ ಬುಟಿಬೋರಿಗೆ ಬಂದು 44ನೇ ಹೆದ್ದಾರಿ ಹಿಡಿದರೆ ಹಿಂಗಣಘಾಟ್, ಪಾಂಢರಕವಡಾ, ಆದಿಲಾಬಾದ್, ನಿರ್ಮಲ್, ಹೈದರಾಬಾದ್, ಕರ್ನೂಲು, ಅನಂತಪುರ, ಬಾಗೇಪಲ್ಲಿ. ದಾರಿ ನೆಟ್ಟಗೆ ದಕ್ಷಿಣಕ್ಕೆ. ಚಿಕ್ಕಬಳ್ಳಾಪುರದಲ್ಲಿ ಹೆದ್ದಾರಿ ಬಿಟ್ಟು ಚಿಂತಾಮಣಿ, ಕೋಲಾರದ ಮೇಲೆ ಕೆಜಿಎಫ್. ಒಟ್ಟು ಸುಮಾರು 1,100 ಕಿಲೋಮೀಟರು. ಟ್ರೇಲರ್ ಇಲ್ಲದಿದ್ದರೆ ಲೀಟರಿಗೆ 13 ಕೊಡುವ ನಮ್ಮ ಗಾಡಿ ಹೋಗುವಾಗ 9.1 ಕೊಟ್ಟಿತು. ಬರುವಾಗ 10.4.

ಕಾರಣ ಹೊಳೆಯಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ನಾಗಪುರದ ಬಯಲು ಸಮುದ್ರಮಟ್ಟದಿಂದ 300 ಮೀಟರಿನ ಆಸುಪಾಸಿನಲ್ಲಿದೆ, ಕೆಜಿಎಫ್ 850ರ ಹತ್ತಿರ. ಹೋಗುವಾಗ ಏರು, ಬರುವಾಗ ಇಳಿಜಾರು. ಡಂಪರಿನ ಕಥೆಯೇ.

"ಅಷ್ಟಕ್ಕೆ ಹದಿನೈದು ಲೀಟರು ವ್ಯತ್ಯಾಸ ಬರುತ್ತೇನ್ರೀ?" ಎಂದು ಕೇಳಿದವಳು ನನ್ನ ಹೆಂಡತಿ. ಡೀಸೆಲಿನ ಲೆಕ್ಕದ ಪುಸ್ತಕ ಅವಳ ಕೈಯಲ್ಲಿರುತ್ತದೆ. ಕಿಲೋಮೀಟರು, ಲೀಟರು, ಹವೆ, ಗಾಡಿ ಓಡಿಸಿದ ವೇಗ, ಎಲ್ಲ ಅವಳ ದುಂಡಗಿನ ಅಕ್ಷರದಲ್ಲಿ.

ಕೂತು ಲೆಕ್ಕ ಹಾಕಿದೆವು. ಒಂದು ಲೀಟರು ಡೀಸೆಲಿನಲ್ಲಿ ಹೆಚ್ಚುಕಡಿಮೆ 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇರುತ್ತದೆ. ಬಹುಪಾಲು ಬಿಸಿಯಾಗಿ ರೇಡಿಯೇಟರಿನಲ್ಲೂ ಸೈಲೆನ್ಸರಿನಲ್ಲೂ ಹೋಗಿ ಚಕ್ರಕ್ಕೆ ದಕ್ಕುವುದು ಸುಮಾರು 3 ಯೂನಿಟ್. 2,600 ಕಿಲೋವನ್ನು 550 ಮೀಟರು ಮೇಲೆತ್ತಲು ಬೇಕಾದದ್ದು ನಾಲ್ಕು ಯೂನಿಟ್‌ಗಿಂತ ತುಸು ಕಡಿಮೆ. ಅಂದರೆ 1.3 ಲೀಟರು. ನಾಗಪುರದ ಬಯಲಿನಿಂದ ಕೋಲಾರದ ಎತ್ತರಕ್ಕೆ ಒಂದು ಪಿಕಪ್ಪು, ಒಂದು ಮನೆ, ಇಬ್ಬರು ಮುದುಕರನ್ನು ಎತ್ತಿಡಲು ಒಂದೂಕಾಲು ಲೀಟರಿನ ಮೇಲೆ ಚೂರು! ಬರುವಾಗ ಅಷ್ಟೇ ಉಳಿಯಿತೆಂದು ಇಟ್ಟುಕೊಂಡರೂ ಮೂರು ಲೀಟರು ದಾಟುವುದಿಲ್ಲ. ನಡುವಿನ ಉಬ್ಬುತಗ್ಗುಗಳು ಹೋಗುವಾಗಲೂ ಬರುವಾಗಲೂ ಅವೇ. ಉಳಿದ ಹನ್ನೆರಡು ಲೀಟರು?

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಉತ್ತರ ಸಿಕ್ಕಿದ್ದು ಮರುದಿನ, ಟ್ರೇಲರನ್ನು ಶೆಡ್ಡಿಗೆ ತಳ್ಳುವಾಗ. ಪಿಕಪ್ಪಿನಿಂದ ಬಿಚ್ಚಿ, ಮುಂದಿನ ಕೊಂಡಿಯ ಕೆಳಗಿನ ಪುಟ್ಟ ಚಕ್ರ ಇಳಿಸಿ, ನಾನೊಬ್ಬನೇ ತಳ್ಳುತ್ತೇನೆ. 800 ಕಿಲೋ. ಗಾಳಿ ಸರಿಯಾಗಿ ತುಂಬಿದ ಟೈರು, ಸಮತಟ್ಟಾದ ಸಿಮೆಂಟು ನೆಲ. ಒಮ್ಮೆ ಹೊರಟಿತೆಂದರೆ ಹತ್ತು ಕಿಲೋದ ಒತ್ತು ಸಾಕು, ಬಾವಿಯಿಂದ ಕೊಡ ಸೇದಿದಷ್ಟು. ಅಂಗೈ ಅದರ ಬೆನ್ನಿಗೆ ಇಟ್ಟುಕೊಂಡು ನಿಂತೆ. ಸಮತಟ್ಟು ನೆಲದಲ್ಲಿ ಈ ಭಾರ ಇಷ್ಟು ಹಗುರಾಗಿ ಬರುವುದಾದರೆ ರಸ್ತೆಯಲ್ಲಿ ಅದನ್ನು ಹಿಡಿದು ಹಿಂದಕ್ಕೆ ಜಗ್ಗುವವರು ಯಾರು?

ಮುಂದಕ್ಕೆ ಬಂದು ಟ್ರೇಲರಿನ ಮುಖ ನೋಡಿದೆ. ಪಿಕಪ್ಪಿನ ಕ್ಯಾಬಿನ್ನಿಗಿಂತ ಅದು ಎರಡಡಿ ಎತ್ತರ, ಆರಡಿ ಅಗಲ. 12 ಚದರಡಿಯ ನೇರ ಗೋಡೆ. ಕ್ಯಾಬಿನ್ನಿನ ಮೇಲೆ ಹಾದು ಬಂದ ಗಾಳಿಗೆ ಎದೆಯೊಡ್ಡಿ ನಿಂತ ಗೋಡೆ. ಗಂಟೆಗೆ 60ರಲ್ಲಿ ಆ ಗೋಡೆಯ ಮೇಲೆ ಗಾಳಿಯ ಒತ್ತು 18 ಕಿಲೋದಷ್ಟು. 80ರಲ್ಲಿ ಅದು 30ನ್ನು ದಾಟುತ್ತದೆ. ವೇಗ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಏರಿದರೆ ಗಾಳಿಯ ತಡೆ ಒಂದೂಮುಕ್ಕಾಲು ಪಟ್ಟಾಗುತ್ತದೆ, ಯಾಕೆಂದರೆ ಅದು ವೇಗದ ವರ್ಗದಂತೆ ಬೆಳೆಯುವಂಥದ್ದು. ಆಷಾಢದಲ್ಲಿ ನೈಋತ್ಯದ ಗಾಳಿ ಬೀಸುತ್ತಿರುತ್ತದೆ. ದಕ್ಷಿಣಕ್ಕೆ ಹೋಗುವವನಿಗೆ ಬಲಗೆನ್ನೆಗೆ ಬಡಿಯುತ್ತದೆ, ಉತ್ತರಕ್ಕೆ ಬರುವವನಿಗೆ ಎಡ ಬೆನ್ನನ್ನು ನೂಕುತ್ತದೆ. 65ರಲ್ಲಿ ಓಡುವ ಗಾಡಿಗೆ ಎದುರಿನಿಂದ ಹತ್ತರ ಗಾಳಿ ಬಂದರೆ ಅದರ ಮೈಗೆ ತಾಗುವುದು 75. ಹಿಂದಿನಿಂದ ಬಂದರೆ 55. ತಡೆಯ ಲೆಕ್ಕದಲ್ಲಿ ಒಂದಕ್ಕೆ ಸುಮಾರು ಎರಡು. ನನ್ನ ಹನ್ನೆರಡು ಲೀಟರು ಗಾಳಿ ಕುಡಿದಿತ್ತು.

ಗಣಿಯಲ್ಲಿ ಇದು ಗೊತ್ತಾಗದೆ ಹೋದದ್ದು ಸಹಜ. ಡಂಪರಿನ ವೇಗಕ್ಕೆ ಗಾಳಿಯ ತಡೆ ಲೆಕ್ಕಕ್ಕಿಲ್ಲ. ತೂಕವೂ ಸೋಲುವ ಪ್ರಾಣಿಯಲ್ಲ: ಅದೇ 16ಕ್ಕೆ ಒಂದರ ಏರಿನಲ್ಲಿ ನಮ್ಮ ಟ್ರೇಲರನ್ನು ನಿಲ್ಲಿಸಿದರೆ 50 ಕಿಲೋ ಬಲದಿಂದ ಹಿಂದಕ್ಕೆ ಜಾರುತ್ತದೆ. ನಿರ್ಮಲಿನ ಘಟ್ಟದಲ್ಲಿ ಮೂರನೇ ಗೇರಿಗೆ ಇಳಿದಾಗ ಅದು ತನ್ನ ಇರವನ್ನು ಹೇಳಿಯೇ ಹೇಳುತ್ತದೆ. ಆದರೆ ಘಟ್ಟ ಮುಗಿಯುತ್ತದೆ, ಏರಿಸಿದ್ದರಲ್ಲಿ ಒಂದಿಷ್ಟು ಇಳಿಜಾರಿನಲ್ಲಿ ವಾಪಸು ಸಿಗುತ್ತದೆ. ಗಾಳಿಗೆ ಕೊಟ್ಟದ್ದು ಎಂದೂ ವಾಪಸು ಬರುವುದಿಲ್ಲ.

ಅಂದಿನಿಂದ ನನ್ನ ಸವಾರಿ ಬೇರೆಯಾಯಿತು. ಮೊದಲು ವೇಗ ಇಳಿಸಿದೆ. ಬಯಲಿನಲ್ಲಿ 60, ಅದರ ಮೇಲಿಲ್ಲ. 80ರಲ್ಲಿ 8ರ ಆಸುಪಾಸಿಗೆ ಕುಸಿಯುತ್ತಿದ್ದ ಅವರೇಜು 60ರಲ್ಲಿ ಹತ್ತಕ್ಕೆ ನಿಂತಿತು. ಆಮೇಲೆ ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಕ್ಯಾಬಿನ್ನಿನ ಮೇಲಿನ ಕ್ಯಾರಿಯರಿಗೆ ತಗಡಿನ ಒಂದು ಇಳಿಜಾರು ಹಲಗೆ ಮಾಡಿಸಿ ಕೂರಿಸಿದೆ. ಅದು ಗಾಳಿಯನ್ನು ಟ್ರೇಲರಿನ ನೆತ್ತಿಯ ಮೇಲೆ ಹಾಯಿಸುತ್ತದೆ. ಓರೆ ಎಷ್ಟಿರಬೇಕು ಎಂದು ತಿಳಿಯಲು ಟ್ರೇಲರಿನ ಮುಖಕ್ಕೆ ಉಣ್ಣೆಯ ದಾರದ ತುಂಡುಗಳನ್ನು ಅಂಟಿಸಿದೆವು. ವೆಲ್ಡಿಂಗಿನ ಹುಡುಗ ಬೈಕಿನಲ್ಲಿ ಪಕ್ಕಕ್ಕೆ ಬಂದು ನೋಡಿದ. ಮೊದಲ ಸಲ ದಾರಗಳೆಲ್ಲ ಹುಚ್ಚೆದ್ದು ಕುಣಿಯುತ್ತಿದ್ದವಂತೆ. ಹಲಗೆಯನ್ನು ನಾಲ್ಕು ಬೆರಳು ಮೇಲೆತ್ತಿದ ಮೇಲೆ ಅಂಚಿನವು ಮಾತ್ರ ಅಲುಗುತ್ತಾ ನಡುವಿನವು ಸುಮ್ಮನೆ ಜೋತುಬಿದ್ದವು. "ಕಾಕಾ, ಮಲಗಿಬಿಟ್ಟವು!" ಎಂದು ಅವನು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಅಂಥ ಸಂತೋಷ ನನಗೆ ಸರ್ವಿಸಿನಲ್ಲಿ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಟೈರಿನ ಗಾಳಿಯನ್ನು ಬೆಳಗಿನ ತಂಪಿನಲ್ಲೇ ನೋಡುತ್ತೇನೆ. ನಾಗಪುರದ ಮೇ ತಿಂಗಳ 45 ಡಿಗ್ರಿಯ ಬಿಸಿಲಿನಲ್ಲಿ, ಕಾದ ಡಾಂಬರಿನ ಮೇಲೆ ಓಡಿದ ಟೈರು ಒತ್ತಡವನ್ನು ಹೆಚ್ಚಿಗೆ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ಬೆಳಿಗ್ಗೆ ಟೈರು ಹೊಟ್ಟೆ ಬಿಟ್ಟು ಕೂತಿರುತ್ತದೆ. ರಬ್ಬರು ಹೀಗೆ ನಲುಗುವುದರಲ್ಲೇ ಅಲ್ಲವೇ ಉಳಿದ ಡೀಸೆಲ್ ಸೋರುವುದು. ಉಮರೇಡಿನ ಮೇಲೆ ಇತವಾರಿಯಿಂದ ನಾಗಭೀಡಕ್ಕೆ ಹೋಗುತ್ತಿದ್ದ ನ್ಯಾರೋಗೇಜ್ ರೈಲು ಅಷ್ಟು ಡಬ್ಬಿಗಳನ್ನು ಎಳೆದುಕೊಂಡು ಸಲೀಸಾಗಿ ಹೋಗುತ್ತಿದ್ದದ್ದು ಉಕ್ಕಿನ ಮೇಲೆ ಉಕ್ಕು ಉರುಳುವಾಗ ಈ ನಲುಗಾಟ ಇಲ್ಲದ್ದರಿಂದ. ಬ್ರಾಡ್‌ಗೇಜ್ ಮಾಡಲೆಂದು 2019ರಲ್ಲಿ ಆ ಪುಟ್ಟ ರೈಲನ್ನು ನಿಲ್ಲಿಸಿದರು. ಅದರ ಕೂಗು ನಿಂತ ಮೊದಲ ವಾರ ನಮ್ಮ ಬೆಳಗುಗಳಿಗೆ ಏನೋ ಕಳೆದುಹೋದಂತಾಗಿತ್ತು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುವ ಅಭ್ಯಾಸ ಲಾರಿಯವರಲ್ಲಿ ಇನ್ನೂ ಇದೆ. ಇವತ್ತಿನ ಎಂಜಿನ್ನು ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹರಿಯುವುದನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಅದು ಬದುಕಿರಲು ಕುಡಿಯುತ್ತಲೇ ಇರಬೇಕು. ಹಿಂದೆ ಮನೆ ಕಟ್ಟಿಕೊಂಡು ಎಂಜಿನ್ನಿನ ಹಿಡಿತ ಬಿಡುವುದು ಜೀವದ ಜೊತೆಗಿನ ಆಟ. ಟ್ರೇಲರ್ ಯಾವಾಗ ಅಲ್ಲಾಡುತ್ತದೆ ಎಂಬುದನ್ನು ನಾನು ಹಿಂಗಣಘಾಟಿನ ಹತ್ತಿರ ಕಲಿತೆ. ನೀರಿನ ಡ್ರಮ್ಮನ್ನು ಹಿಂದಿನ ಮೂಲೆಗೆ ಇಟ್ಟಿದ್ದೆ. ಒಂದು ದೊಡ್ಡ ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಟ್ರೇಲರ್ ನಾಯಿಯ ಬಾಲದಂತೆ ಬೀಸತೊಡಗಿ ಪಿಕಪ್ಪಿನ ಬಾಲವನ್ನೂ ಹಿಡಿದು ಆಡಿಸಿತು. ಬ್ರೇಕು ತುಳಿಯಲಿಲ್ಲ, ಸ್ಟಿಯರಿಂಗನ್ನು ನೇರ ಹಿಡಿದು ಕಾಲು ತೆಗೆದೆ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಅದು ತಣ್ಣಗಾಯಿತು. ಪಕ್ಕದಲ್ಲಿ ಅವಳು ಲೆಕ್ಕದ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದಳು. ಟ್ರೇಲರಿನ ತೂಕದಲ್ಲಿ ಹತ್ತರಲ್ಲೊಂದು ಭಾಗವಾದರೂ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಈಗ ಪ್ರತಿ ಸಲ ಹೊರಡುವ ಮುನ್ನ ಕೊಂಡಿಯನ್ನು ಕಾಳು ತೂಗುವ ಕಾಟಾದ ಮೇಲೆ ಇಟ್ಟು ನೋಡುತ್ತೇನೆ. 80ಕ್ಕಿಂತ ಕಡಿಮೆ ತೋರಿಸಿದರೆ ಸಾಮಾನು ಮುಂದಕ್ಕೆ.

ಇಷ್ಟೆಲ್ಲ ಯಾಕೆ, ಉಳಿಯುವ ದುಡ್ಡಿಗೆ ಒಂದು ಊಟ ಬರಬಹುದು ಅಷ್ಟೇ ಎಂದು ಮಗ ಫೋನಿನಲ್ಲಿ ಹೇಳುತ್ತಾನೆ. ದುಡ್ಡಿಗಾಗಿ ಅಲ್ಲಪ್ಪಾ. 60ರಲ್ಲಿ ಹೋಗುವಾಗ ಅರ್ಧ ಕಿಲೋಮೀಟರು ಮುಂದಿನ ದಾರಿ ನನ್ನದಾಗಿರುತ್ತದೆ. ಟೋಲು ಕಾಣುವ ಮೊದಲೇ ಕಾಲು ತೆಗೆದು, ಬ್ರೇಕಿನ ಗೊಡವೆಯಿಲ್ಲದೆ ಸಾಲಿನ ಬಾಲಕ್ಕೆ ಹೋಗಿ ಸೇರುವುದು, ಏರು ಶುರುವಾಗುವ ಮುನ್ನ ಒಂದಿಷ್ಟು ಓಟ ಕೂಡಿಸಿಕೊಂಡು ನೆತ್ತಿಯಲ್ಲಿ ಅದನ್ನು ಖರ್ಚು ಮಾಡಿ ಮುಗಿಸುವುದು, ಹತ್ತಿಯ ಹೊಲದಾಚೆಯ ಮರಗಳು ಯಾವ ಕಡೆ ಬಾಗಿವೆ ಎಂದು ನೋಡುವುದು. ಬಲಗಾಲಿನ ಹೆಬ್ಬೆರಳಿಗೆ ಇಡೀ ದಖನ್ನಿನ ಉಬ್ಬುತಗ್ಗು ತಿಳಿಯುತ್ತಿರುತ್ತದೆ.

ಕಳೆದ ಡಿಸೆಂಬರಿನಲ್ಲಿ ಹೊರಟಾಗ ಬಂಕಿನಿಂದ ನೇರ ಬುಟಿಬೋರಿಗೆ ಹೋಗದೆ ಗಣಿಯ ಕಡೆ ಗಾಡಿ ತಿರುಗಿಸಿದೆ. ಹಳೆಯ ಮಣ್ಣಿನ ಗುಡ್ಡದ ಮೇಲೆ ಮುಂಜಾವಿನ ಬೆಳಕು ಬಿದ್ದಿತ್ತು. ಅದರಾಚೆ ಡಂಪರೊಂದು ಎಬ್ಬಿಸಿದ ಧೂಳು ಮೇಲೆದ್ದು, ಒಂದು ಗಳಿಗೆ ಅಲ್ಲೇ ಅನುಮಾನಿಸಿ ನಿಂತು, ನಿಧಾನವಾಗಿ ನಾವು ಹೋಗಬೇಕಾದ ದಿಕ್ಕಿಗೆ ವಾಲಿತು.

"ಈಶಾನ್ಯದ ಗಾಳಿ," ಅಂದೆ.

ಅವಳು ಪುಸ್ತಕ ಬಿಚ್ಚಿ ಬರೆದುಕೊಂಡಳು.