ಓದುವ ಮಗ ಮೌನವಾದಾಗ

ಪರೀಕ್ಷೆ ಹತ್ತಿರ ಬಂತೆಂದರೆ ಸಿಂಧನೂರಿನ ಬಾಡಿಗೆ ಕೋಣೆಗಳಲ್ಲಿ ನಡುರಾತ್ರಿಯವರೆಗೂ ದೀಪ ಉರಿಯುವುದು ಹೊಸತೇನಲ್ಲ. ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಂದ ಬಂದ ಮಕ್ಕಳು ನಿದ್ದೆಗೆಟ್ಟು ಓದುತ್ತಾರೆ. ಆದರೆ ದೀಪ ಉರಿಯುತ್ತಿದ್ದರೂ ಪುಸ್ತಕ ತೆರೆದಿಲ್ಲ, ವಾರಗಟ್ಟಲೆ ಗೆಳೆಯರೊಡನೆ ಮಾತಿಲ್ಲ, ಓಣಿಯವರೆಲ್ಲ ತನ್ನನ್ನೇ ಆಡಿಕೊಳ್ಳುತ್ತಾರೆಂಬ ಗುಮಾನಿ, ಯಾರೂ ಇಲ್ಲದಾಗಲೂ ಯಾರೋ ಕರೆದಂತಹ ದನಿ ಎಂದರೆ ಅದು ಬರೀ ಪರೀಕ್ಷೆಯ ಭಯವಲ್ಲ. ವೈದ್ಯರು ಸೈಕೋಸಿಸ್ ಎಂದು ಕರೆಯುವ ಕಾಯಿಲೆಯ ಆರಂಭ ಇರಬಹುದು. ಹುಡುಗರಿಗೂ ಹುಡುಗಿಯರಿಗೂ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ, ಅಂದರೆ ಓದು, ಉದ್ಯೋಗಗಳ ಹೊಸ್ತಿಲಲ್ಲೇ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ. ಅಪ್ಪನಿಗೆ ಅದು ಸೊಕ್ಕು, ನೆರೆಯವರಿಗೆ ಪ್ರೇಮಪ್ರಕರಣ. ಅಜ್ಜಿ, 'ಗಾಳಿ ಸೋಂಕ್ಯಾದ' ಎಂದು ತಾಯತ ಕಟ್ಟಿಸುತ್ತಾಳೆ. ಸುದ್ದಿ ಹೊರಬಿದ್ದರೆ ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಳುಕು ಅವ್ವನಿಗೆ. ಹೀಗೆ ತಿಂಗಳುಗಳು ಉರುಳುತ್ತವೆ.

ಹುಡುಗನ ತಲೆಯೊಳಗೆ ಏನಾಗಿರುತ್ತದೆ? ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಯಾವ ಭಾಗವೂ ಒಂಟಿಯಾಗಿ ಕೆಲಸ ಮಾಡದು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಜಲಾಶಯದಲ್ಲಿ ನೀರಿದ್ದರೆ ಸಾಲದು. ಹಂಚಿಕೆ ತಪ್ಪಿದರೆ ಒಂದು ಗದ್ದೆ ಮುಳುಗುತ್ತದೆ, ಕೊನೆಯಂಚಿನ ಹೊಲ ಒಣಗುತ್ತದೆ. 1995ರಲ್ಲಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್ ಇಂಥದೇ ವಿಚಾರ ಮಂಡಿಸಿದರು: ಸ್ಕಿಜೋಫ್ರೀನಿಯಾದಲ್ಲಿ ಕೆಡುವುದು ಮಿದುಳಿನ ಯಾವುದೋ ಒಂದು ಭಾಗವಲ್ಲ, ಭಾಗಗಳ ನಡುವಣ ಸಂಪರ್ಕ.

ರಕ್ತದಲ್ಲಿನ ಆಮ್ಲಜನಕದ ಏರಿಳಿತ ಗುರುತಿಸುವ ಎಂ.ಆರ್.ಐ. ತಂತ್ರ ಈ ವಿಚಾರಕ್ಕೆ ಬಲ ಕೊಟ್ಟಿದೆ. ಕಣ್ಣು ಕಿವಿಗಳ ಸುದ್ದಿಯನ್ನು ರವಾನಿಸುವ ಥಲಾಮಸ್ ಎಂಬ ಭಾಗವಿದೆ. ಸೈಕೋಸಿಸ್ ಇರುವವರಲ್ಲಿ ಇದಕ್ಕೂ, ವಿವೇಚನೆಗೆ ಬೇಕಾದ ಮುಂಭಾಗದ ಮಿದುಳಿಗೂ ಇರುವ ನಂಟು ಸಡಿಲಗೊಂಡಿರುವುದು, ಇಂದ್ರಿಯಗಳ ಭಾಗದೊಡನೆ ನಂಟು ಅತಿಯಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಲಕ್ಷಣಗಳು ಏರಿ ಇಳಿದಂತೆ ಕೆಲವು ಸಂಪರ್ಕಗಳೂ ಬದಲಾಗುವುದುಂಟು. ಎಲ್ಲರಲ್ಲೂ ಒಂದೇ ರೀತಿ ಅಲ್ಲ. ಆದ್ದರಿಂದ ಸ್ಕ್ಯಾನ್ ನೋಡಿಯೇ ಸೈಕೋಸಿಸ್ ಎಂದು ಹೇಳಲು ಇನ್ನೂ ಆಗದು. ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಹೇಳಿದರೆ ಮಾತ್ರ ಮಾಡಿಸಿದರೆ ಸಾಕು. ರೋಗ ನಿರ್ಣಯ ಆಗುವುದು ರೋಗಿಯ, ಮನೆಯವರ ಮಾತಿನಿಂದಲೇ.

ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಎಂಬುದಂತೂ ಸ್ಪಷ್ಟ. ಬೇಗ ಔಷಧ ಆರಂಭಿಸಿ ಬಿಡದೆ ಮುಂದುವರಿಸಿದ ಅನೇಕರು ಮತ್ತೆ ಓದಿದ್ದಾರೆ, ದುಡಿದಿದ್ದಾರೆ. 'ಈಗ ಅರಾಮ ಆಗ್ಯಾದ' ಎಂದು ಸ್ವಂತ ಬುದ್ಧಿಯಿಂದ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಗಾಂಜಾ ಅಪಾಯವನ್ನು ಮತ್ತಷ್ಟು ಹೆಚ್ಚಿಸುತ್ತದೆ.

ಇದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕೆಂದಿಲ್ಲ. ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಶಿಬಿರಗಳನ್ನು ತಂದಿತು. ಮನೋವೈದ್ಯರು ಬರುವ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. ಖರ್ಚಿಲ್ಲ.

ದನಿ ಕೇಳುತ್ತದೆ ಎನ್ನುವವನೊಡನೆ 'ಸುಳ್ಳು' ಎಂದು ವಾದಕ್ಕಿಳಿಯಬಾರದು. 'ನಿನಗ ಭಾಳ ತ್ರಾಸ ಆಗ್ಯಾದ ತಮ್ಮಾ, ಡಾಕ್ಟರ ಹತ್ರ ಕೂಡೇ ಹೋಗೋಣು' ಎಂದರೆ ಸಾಕು. ಕೋಣೆಯ ಗೆಳೆಯರೂ ಒಂದು ಮಾತು ನೆನಪಿಡಬೇಕು. ಬದಲಾವಣೆ ಮೊದಲು ಕಾಣುವುದು ಅವರ ಕಣ್ಣಿಗೇ. ಊರಿಗೆ ಫೋನ್ ಮಾಡಿ ತಿಳಿಸುವುದು ಚಾಡಿಯಲ್ಲ. ಗೆಳೆಯನ ಒಂದು ವರ್ಷವನ್ನು, ಕೆಲವೊಮ್ಮೆ ಅವನ ಜೀವವನ್ನೇ ಉಳಿಸಿದಂತೆ.