ಕೇಳದೆ ಹೋದ ಗಾನ

ಇಲ್ಲದ ವಸ್ತುವನ್ನು ಕುರಿತು ವಿಚಾರಮಾಡುವುದರಲ್ಲಿ ನೈಯಾಯಿಕರನ್ನು ಮೀರಿಸಿದವರು ಯಾರೂ ಇಲ್ಲ. ಅಭಾವವನ್ನೂ ಒಂದು ಪದಾರ್ಥವೆಂದೆಣಿಸಿ, ಅದಕ್ಕೆ ನಾಲ್ಕು ಭೇದಗಳನ್ನು ಹೇಳಿದವರು ಅವರು. ಮಡಕೆಯು ಹುಟ್ಟುವುದಕ್ಕೆ ಮೊದಲಿನ ಇಲ್ಲದಿರುವಿಕೆಯು ಪ್ರಾಗಭಾವ. ಅದು ಒಡೆದುಹೋದ ಮೇಲಿನದು ಪ್ರಧ್ವಂಸಾಭಾವ. ಮೊದಲನೆಯದಕ್ಕೆ ಆದಿಯಿಲ್ಲ, ಅಂತವುಂಟು. ಎರಡನೆಯದಕ್ಕೆ ಆದಿಯುಂಟು, ಅಂತವಿಲ್ಲ. ಶಹಾಪುರದ ರಸಿಕ ಮಹಾಶಯರೊಬ್ಬರಿಗೆ 2024ನೆಯ ಇಸವಿಯು ಈ ಭೇದವನ್ನು ಗುರುವಿಲ್ಲದೆಯೇ ಕಲಿಸಿತು.

ಇವರು ಕಚೇರಿಯೊಂದರಲ್ಲಿ ಗುಮಾಸ್ತರು. ಸಂಗೀತವನ್ನು ಕಲಿತವರಲ್ಲ, ತಂಬೂರಿಯ ಷಡ್ಜಕ್ಕೆ ತಮ್ಮ ಕಂಠವನ್ನು ಸೇರಿಸಲಾರರು. ಆದರೆ ರಾಗದ ಎರಡು ಸಂಚಾರಗಳು ಕಿವಿಗೆ ಬಿದ್ದರೆ ಸಾಕು, ಹೆಸರನ್ನು ಹೇಳುವರು. 1966ರಲ್ಲಿ ಆರಂಭವಾದ ಕಲಬುರಗಿಯ ಆಕಾಶವಾಣಿಯೂ, ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವೂ ಅವರ ಪಾಠಶಾಲೆಗಳು. ವೃದ್ಧಮಾತೆಯು ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದ ದಿನದಿಂದ ಅವರು ರಾತ್ರಿ ಮನೆ ಬಿಟ್ಟಿರುವುದಿಲ್ಲ. ಕಚೇರಿಗಳೋ ರಾತ್ರಿಯೇ ನಡೆಯತಕ್ಕವು. “ಹೋಗಿ ಬಾರೋ ತಮ್ಮಾ, ನಾ ಏನು ಇವತ್ತೇ ಸಾಯಂಗಿಲ್ಲ” ಎಂದು ಆ ತಾಯಿಯೇ ಅನ್ನುವುದುಂಟು. ಹೋಗದಿರುವುದು ಅವರಿಗೆ ಅಷ್ಟು ಕಠಿನವಲ್ಲ. ಹೋಗಲಿಲ್ಲವೆಂಬ ವ್ಯಸನವು ತಮ್ಮ ಮುಖದಲ್ಲಿ ಆಕೆಗೆ ಕಾಣದಂತೆ ನೋಡಿಕೊಳ್ಳುವುದೇ ಕಠಿನ.

ವರ್ಷಾರಂಭದಲ್ಲಿಯೇ ಪೆಟ್ಟು ಬಿದ್ದಿತು. ಜನವರಿ 9ರಂದು ಕಲಕತ್ತೆಯಲ್ಲಿ ಉಸ್ತಾದ್ ರಾಶಿದ್ ಖಾನರು ತೀರಿಕೊಂಡರು. ಅವರಿಗಿನ್ನೂ ಐವತ್ತೈದು ವಯಸ್ಸು. ಈ ರಸಿಕರು ಅವರನ್ನು ‘ನಿಧಾನವಾಗಿ ಕೇಳಬಹುದಾದವರು’ ಎಂಬ ಪಟ್ಟಿಯಲ್ಲಿರಿಸಿದ್ದರು! ನಾಲ್ಕು ದಿನಗಳ ತರುವಾಯ ಪುಣೆಯಲ್ಲಿ ಡಾಕ್ಟರ್ ಪ್ರಭಾ ಅತ್ರೆಯವರು ಹೋದರು. ಸವಾಯಿ ಗಂಧರ್ವ ಮಹೋತ್ಸವದ ಮುಕ್ತಾಯದ ಗಾನವು ಅನೇಕ ವರ್ಷಗಳ ಕಾಲ ಆಕೆಯದಾಗಿದ್ದಿತು. ತೊಂಬತ್ತೊಂದು ವರ್ಷದ ಗಾಯಿಕೆಯನ್ನು ಮುಂದಿನ ಸಾರಿ ಕೇಳೋಣವೆಂದವರ ಧೈರ್ಯವನ್ನು ಮೆಚ್ಚಬೇಕು.

ಜೂನ್ 11ರ ಸುದ್ದಿಯು ಇವೆರಡಕ್ಕಿಂತ ಹತ್ತಿರದ್ದು. ಆ ದಿನ ಮೈಸೂರಿನಲ್ಲಿ ಪಂಡಿತ ರಾಜೀವ ತಾರಾನಾಥರು ಕಾಲವಶರಾದರು. ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ಕಟ್ಟಿ, ಮುಂದೆ ತುಂಗಭದ್ರೆಯ ತೀರದಲ್ಲಿ ಪ್ರೇಮಾಯತನವನ್ನು ಸ್ಥಾಪಿಸಿದ ಪಂಡಿತ ತಾರಾನಾಥರ ಪುತ್ರರು ಇವರು. ಯಾದಗಿರಿಗೆ ರಾಯಚೂರು ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. ಆದ್ದರಿಂದ ಈ ಸೀಮೆಯವರು ಅವರನ್ನು ತಮ್ಮವರೆಂದೇ ತಿಳಿದಿದ್ದರೆ ತಪ್ಪಿಲ್ಲ. ಆಂಗ್ಲ ಸಾಹಿತ್ಯದ ಅಧ್ಯಾಪಕ ವೃತ್ತಿಯನ್ನು ತೊರೆದು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದಿಗೆ ಬಾಳನ್ನೊಪ್ಪಿಸಿದವರು. ಸರೋದಿಗೆ ಸಿತಾರಿನಂತೆ ಮೆಟ್ಟಿಲುಗಳಿಲ್ಲ. ಉಗುರಿನ ಅಂಚಿನಿಂದ ತಂತಿಯನ್ನೊತ್ತಿ, ನುಣುಪಾದ ಲೋಹದ ಪಟ್ಟಿಯ ಮೇಲೆ ಜಾರಿಸಿ, ಸ್ವರದ ಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು. ಎಡಗೈಯ ಆ ಹುಡುಕಾಟವನ್ನು ಒಮ್ಮೆ ಎದುರಿಗೆ ಕುಳಿತು ಕಾಣಬೇಕೆಂಬುದು ರಸಿಕರ ಬಹುಕಾಲದ ಆಸೆಯಾಗಿದ್ದಿತು. ಪಂಚಾಂಗದಲ್ಲಿ ಕಣ್ಣಿಟ್ಟವರಿಗೆ ಇನ್ನೊಂದು ಸಂಗತಿಯೂ ತೋರೀತು: ಗದಗಿನ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದುದೂ ಜೂನ್ 11ರಂದೇ, 1944ರಲ್ಲಿ, ನಡುವೆ ಸರಿಯಾಗಿ ಎಂಬತ್ತು ವರ್ಷ.

ಇಲ್ಲಿ ತಾರ್ಕಿಕರು ಅಡ್ಡಬರಬಹುದು. ಹುಟ್ಟದಿದ್ದ ಶ್ರವಣಕ್ಕೆ ಧ್ವಂಸವೆಲ್ಲಿಯದು, ಅದನ್ನು ಪ್ರಧ್ವಂಸಾಭಾವವೆನ್ನುವುದು ಹೇಗೆ ಎಂದು ಕೇಳಬಹುದು. ಆಕ್ಷೇಪವು ಶಾಸ್ತ್ರಸಮ್ಮತವೇ ಸರಿ. ಆದರೆ ರೊಟ್ಟಿ ಬೇಯುತ್ತಿದೆಯೆಂದು ಕಾದು ಕುಳಿತವನಿಗೆ ಒಲೆಯೇ ಆರಿಹೋದರೆ, ಅವನ ಹಸಿವನ್ನು ಯಾವ ಭೇದದಲ್ಲಿ ಸೇರಿಸಬೇಕೆಂಬುದನ್ನು ಆ ಶಾಸ್ತ್ರಿಗಳೇ ಹೇಳಲಿ.

ಸೆಪ್ಟೆಂಬರಿನಲ್ಲಿ ಕುಂದಗೋಳವು ನೆನಪಾಗುವುದು. ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ ಊರು ಅದು. ಅವರ ಸ್ಮರಣಾರ್ಥವಾಗಿ ನಾಡಗೇರ ವಾಡೆಯಲ್ಲಿ ಅಹೋರಾತ್ರಿ ಗಾನವು ನಡೆದುಬಂದಿದೆ. ವಿಚಿತ್ರವೇನೆಂದರೆ, ಯಾದಗಿರಿಯವರಿಗೆ ಪುಣೆಯೇ ಸುಲಭ! ಉದ್ಯಾನ್ ಎಕ್ಸ್‌ಪ್ರೆಸ್ಸನ್ನು ಹತ್ತಿದರೆ ಅದೇ ಗಾಡಿಯಲ್ಲಿ ಪುಣೆಯಲ್ಲಿಳಿಯಬಹುದು. ಕನ್ನಡ ನೆಲದ ಕುಂದಗೋಳಕ್ಕಾದರೆ ಸುರಪುರ, ಲಿಂಗಸುಗೂರುಗಳ ಮೇಲೆ ಬಸ್ಸು ಬಸ್ಸು ಬದಲಿಸುತ್ತ ದಿನವೆಲ್ಲ ಕಳೆಯಬೇಕು. ಪುಣೆಯಲ್ಲಿ ಹಿಂದಿನ ಅಹೋರಾತ್ರಿಗಳು ಈಗಿಲ್ಲ. ಬಯಲಿನ ಧ್ವನಿವರ್ಧಕವು ರಾತ್ರಿ ಹತ್ತಕ್ಕೆ ಬಾಯಿ ಮುಚ್ಚಬೇಕೆಂಬ 2000ನೆಯ ಇಸವಿಯ ನಿಯಮದಿಂದ ದರಬಾರಿ, ಮಾಲಕಂಸಗಳಿಗೆ ತಕ್ಕ ವೇಳೆಯೇ ಇಲ್ಲದಂತಾಯಿತು. ನೆರೆಹೊರೆಯವರ ನಿದ್ರೆಗೂ ಬೆಲೆಯುಂಟು, ನಿಜ. ಆದರೂ ಅರ್ಧರಾತ್ರಿಯ ರಾಗವನ್ನು ಸಂಜೆ ಕೇಳುವುದು ಹಬ್ಬದೂಟವನ್ನು ಹಿಂದಿನ ದಿನವೇ ಉಂಡಂತೆ. ಡಿಸೆಂಬರ್ 18ರಿಂದ 22ರವರೆಗೆ ನಡೆದ ಎಪ್ಪತ್ತನೆಯ ಮಹೋತ್ಸವವೂ ರಸಿಕರಿಗೆ ಒದಗಲಿಲ್ಲ. ಅದಕ್ಕೆ ಮೂರು ದಿನ ಮೊದಲು, ದೂರದ ಸಾನ್ ಫ್ರಾನ್ಸಿಸ್ಕೋದಲ್ಲಿ, ಉಸ್ತಾದ್ ಜಾಕೀರ್ ಹುಸೇನರ ತಬಲವು ನಿಂತಿದ್ದಿತು.

ಎಲ್ಲವೂ ಮೊಬೈಲಿನಲ್ಲಿರುವಾಗ ಈ ಹಳಹಳಿ ಏಕೆಂದು ಅವರ ಸೋದರಳಿಯನು ಕೇಳುವುದುಂಟು. ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಯಂತ್ರದೊಳಗಿನ ಗಾಯಕನು ಕೇಳುಗನನ್ನು ಕಾಣಲಾರನು. ಸಭೆಯಲ್ಲಿ ಮುಂದೆ ಕುಳಿತವನು ತಲೆದೂಗಿದರೆ, ಗಾಯಕನು ಆ ಮಧ್ಯಮದ ಮೇಲೆ ಇನ್ನೊಂದು ಆವರ್ತನ ನಿಲ್ಲುವನು. ಆ ಹೆಚ್ಚಿನ ಆವರ್ತನವು ಕೇಳುಗನು ಹುಟ್ಟಿಸಿದ್ದು. ಅವನು ಬಾರದಿದ್ದರೆ ಅದೂ ಹುಟ್ಟುವುದಿಲ್ಲ.

ಇಷ್ಟೆಲ್ಲ ದೊಡ್ಡ ಹೆಸರುಗಳ ನಡುವೆ ಒಂದು ಚಿಕ್ಕ ಮರಣವು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಶಹಾಪುರಕ್ಕೆ ಎರಡು ಹರದಾರಿಯ ಹಳ್ಳಿಯೊಂದರಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ ಹಿಡಿದು ತತ್ವಪದಗಳನ್ನು ಹಾಡುತ್ತಿದ್ದ ಮುದುಕರು ಶ್ರಾವಣದಲ್ಲಿ ತೀರಿಹೋದರು. ಕಡಕೋಳ ಮಡಿವಾಳಪ್ಪನವರ ಪರಂಪರೆಯವರು. ಖೈನೂರು ಕೃಷ್ಣಪ್ಪ, ಚನ್ನೂರು ಜಲಾಲ ಸಾಹೇಬ, ತೆಲುಗಬಾಳ ರೇವಪ್ಪ ಇವರ ಪದಗಳನ್ನು ಬೆಳಗಿನ ಜಾವದವರೆಗೆ ಹಾಡಬಲ್ಲವರಾಗಿದ್ದರು. ರಾಶಿದ್ ಖಾನರ ಧ್ವನಿ ನೂರು ಕಡೆ ಉಳಿದಿದೆ. ಈ ಮುದುಕರದು ಒಂದು ಕಡೆಯೂ ಇಲ್ಲ. ಪುಣೆಗೆ ಹೋಗದಿರಲು ಕಾರಣವಿದ್ದಿತು. ಇಲ್ಲಿಗಾದರೆ ಎರಡು ತಾಸು ತಾಯಿಯ ಬಳಿ ಕೂಡ್ರಲು ನೆರೆಮನೆಯಾಕೆ ಒಪ್ಪುತ್ತಿದ್ದಳು. ಹತ್ತಿರದ ಗುಡಿಯ ದೇವರಿಗೆ ಯಾರೂ ಹರಕೆ ಹೊರುವುದಿಲ್ಲವಷ್ಟೆ.

ರಸಿಕರು ದೀಪಾವಳಿಯ ಮರುವಾರ ಆ ಹಳ್ಳಿಗೆ ಹೋದರು. ಮಗನು ಗೂಟದ ಮೇಲಿನ ಚೀಲದಿಂದ ಒಂದು ವಹಿಯನ್ನು ತೆಗೆದುಕೊಟ್ಟನು. “ಪದ ಅದಾವ್ರಿ ಸಾಹೇಬ್ರ. ಧಾಟಿ ನಮ್ಮಪ್ಪನ ಕೂಡ ಹೋತು” ಎಂದನು. ಅವರು ವಹಿಯನ್ನು ಮನೆಗೆ ತಂದು, ರಾತ್ರಿ ತಾಯಿಯ ಮಂಚದ ಬದಿಯಲ್ಲಿ ಕುಳಿತು ನಕಲು ಮಾಡತೊಡಗಿದರು. ಬರೆಯುತ್ತ ಬಾಯಿಬಿಟ್ಟು ಓದುವುದು ಅವರ ರೂಢಿ. ಮೂರನೆಯ ರಾತ್ರಿ ಆ ಹಣ್ಣುಮುದುಕಿಯು, “ಹಂಗಲ್ಲೋ ಅದು” ಎಂದು ತಡೆದು, ಗೋಡೆಯ ಕಡೆಗೆ ಮುಖಮಾಡಿಕೊಂಡೇ ಒಂದು ಪಲ್ಲವಿಯನ್ನು ಸಣ್ಣ ದನಿಯಲ್ಲಿ ಹಾಡಿ ತೋರಿಸಿದಳು. ತವರಿನಲ್ಲಿ ಹುಡುಗಿಯಾಗಿದ್ದಾಗ ಕೇಳಿದ್ದಂತೆ.

ವಹಿಯಲ್ಲಿರುವ ಪದಗಳು ನಲವತ್ತೊಂದು. ಆಕೆಗೆ ಈವರೆಗೆ ನೆನಪಾಗಿರುವ ಧಾಟಿಗಳು ಮೂರು.